ಕೊನೆಯ ಕಂತಿನ ತಾರೀಖು

ಕೊಚ್ಚಿಯ ಕಾಕ್ಕನಾಡಿನಲ್ಲಿ ನಾವು ಫ್ಲ್ಯಾಟ್ ಕೊಂಡದ್ದು 2021ರ ಏಪ್ರಿಲಿನಲ್ಲಿ. ಹೊಸದಲ್ಲ, ಒಂದು ಕುಟುಂಬ ಹತ್ತು ವರ್ಷ ಇದ್ದು ಬಿಟ್ಟ ಮನೆ. ಬೆಲೆ 62.5 ಲಕ್ಷ. 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲ ಮನೆಯ ಬೆಲೆಯ ಶೇ. 80 ಮೀರಬಾರದೆಂದು ರಿಸರ್ವ್ ಬ್ಯಾಂಕಿನ ನಿಯಮ. ಆ ಲೆಕ್ಕಕ್ಕೆ ಸರಿಯಾಗಿ 50 ಲಕ್ಷ ಸಾಲ ಸಿಕ್ಕಿತು. ಉಳಿದ 12.5 ಲಕ್ಷವನ್ನು ನಾವೇ ಹೊಂದಿಸಬೇಕು. ಅದರ ಮೇಲೆ ಕೇರಳದ ಶೇ. 8ರ ಮುದ್ರಾಂಕ ಶುಲ್ಕ, ಶೇ. 2ರ ನೋಂದಣಿ ಶುಲ್ಕ. ಆರು ವರ್ಷ ಕಟ್ಟಿದ ಕೆಎಸ್ಎಫ್ಇ ಚಿಟ್ಟಿ ಮತ್ತು ಒಂದಿಷ್ಟು ಪಿಎಫ್ ಸೇರಿ ಅಲ್ಲಿಗೆ ಖಾಲಿಯಾದವು.

ನೋಂದಣಿ ಮುಗಿದ ದಿನ ಬ್ಯಾಂಕಿನವರು ಕೇಳಿದ್ದು ಒಂದೇ ಮಾತು: 'ಆಧಾರಂ ಎವಿಡೆ?' ಮಲಯಾಳದಲ್ಲಿ ಆಧಾರವೆಂದರೆ ಕ್ರಯಪತ್ರ. ಕಾಸರಗೋಡಿನಲ್ಲಿ ಹುಟ್ಟಿ ಬೆಳೆದ ನನಗೆ ಆ ಪದ ಹೊಸದೇನಲ್ಲ. ಆದರೂ ಕನ್ನಡ ಶಾಲೆಯಲ್ಲಿ ಓದಿದ ಕಿವಿಗೆ 'ಆಧಾರ ಎಲ್ಲಿ' ಎಂದರೆ ಬೇರೆಯದೇ ಪ್ರಶ್ನೆಯಾಗಿ ಕೇಳುತ್ತದೆ. ಪತ್ರವನ್ನು ಅವರ ಕೈಗೆ ಕೊಟ್ಟೆವು. ಹೀಗೆ ಕ್ರಯಪತ್ರವನ್ನು ಒಪ್ಪಿಸಿದರೆ ಅದೇ ಅಡಮಾನ ಎನ್ನುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆಯಷ್ಟು ಹಳೆಯ ಮಾತು. ಸಾಲ ತೀರಿದ ದಿನ ಆ ಕಾಗದ ವಾಪಸು ಬರುತ್ತದೆ. ಆ ದಿನ ಯಾವುದು? ಒಪ್ಪಂದದಲ್ಲಿ ಬರೆದಿತ್ತು: 2041ರ ಏಪ್ರಿಲ್. ಬಡ್ಡಿ ಶೇ. 6.75, ಕಂತು 38,018 ರೂಪಾಯಿ, 240 ತಿಂಗಳು. ಆಗ ನನಗೆ 61 ಆಗಿರುತ್ತದೆ. ಒಂದು ವರ್ಷ ಆಚೀಚೆ, ನಿವೃತ್ತಿಯ ಹೊತ್ತಿಗೆ ಮುಗಿಯುತ್ತದೆ ಎಂದು ಹೆಂಡತಿಯೂ ನಾನೂ ಒಪ್ಪಿಕೊಂಡಿದ್ದೆವು.

ಪ್ರಾಜೆಕ್ಟ್ ಮ್ಯಾನೇಜರ್ ಕೆಲಸದಲ್ಲಿ ಇರುವವರಿಗೆ ಒಂದು ಚಾಳಿ ಅಂಟಿರುತ್ತದೆ. ಯಾವ ವರದಿ ಬಂದರೂ ಖರ್ಚಿನ ಕಾಲಂಗಿಂತ ಮೊದಲು ಮುಗಿಯುವ ತಾರೀಖನ್ನು ನೋಡುತ್ತೇವೆ. 2022ರ ಸೆಪ್ಟೆಂಬರಿನ ಸಾಲದ ಸ್ಟೇಟ್‌ಮೆಂಟಿನಲ್ಲಿ ಕೊನೆಯ ಕಂತು 2047ಕ್ಕೆ ಹೋಗಿತ್ತು. 2023ರ ಮಾರ್ಚಿನದರಲ್ಲಿ 2062 ಎಂದಿತ್ತು. ಕಂತು ಮಾತ್ರ ಅದೇ 38,018. ಖಾತೆಯಿಂದ ಪ್ರತಿ 5ನೇ ತಾರೀಖು ಹೋಗುವ ಮೊತ್ತದಲ್ಲಿ ಒಂದು ರೂಪಾಯಿಯೂ ಹೆಚ್ಚಾಗಿರಲಿಲ್ಲ. 2062ರಲ್ಲಿ ನನಗೆ 82. ಕಾಸರಗೋಡಿನಲ್ಲಿರುವ ನನ್ನ ಅಪ್ಪನಿಗೆ ಆಗ 77. ಅಂದರೆ ಈಗಿನ ಅಪ್ಪನಿಗಿಂತ ಐದು ವರ್ಷ ಮುದುಕನಾದ ಮೇಲೆ ನಾನು ಮನೆ ಸಾಲ ತೀರಿಸುವವನು!

ಬ್ರಾಂಚಿಗೆ ಹೋದೆ. ಮ್ಯಾನೇಜರ್ ಒಳ್ಳೆಯ ಮನುಷ್ಯ, ಚಹಾ ತರಿಸಿದರು. 'ಇಎಂಐ ಮಾರಿಯಿಟ್ಟಿಲ್ಲಲ್ಲೋ ಸಾರ್' ಎಂದರು. ಮಲಯಾಳದಲ್ಲಿ 'ಮಾರಿ' ಎಂದರೆ ಬದಲಾಗಿ. ಕಂತು ಬದಲಾಗಿಲ್ಲವಲ್ಲ, ಮತ್ತೆ ಯಾಕೆ ಚಿಂತೆ ಎಂಬುದು ಅವರ ಮಾತಿನ ಅರ್ಥ. ತಾರೀಖು ತೋರಿಸಿದೆ. 'ಅದು ಸಿಸ್ಟಮ್ ಲೆಕ್ಕ ಹಾಕುವುದು, ಅಲ್ಲಿಯವರೆಗೆ ಹೋಗುವುದಿಲ್ಲ' ಎಂದರು. ಜೀವನವಿಡೀ ಸಿಸ್ಟಮ್‌ಗಳ ನಡುವೆಯೇ ಇರುವ ನನಗೆ ಗೊತ್ತಿರುವುದೇನೆಂದರೆ, ಸಿಸ್ಟಮ್ ತಾನಾಗಿ ಏನನ್ನೂ ತೀರ್ಮಾನಿಸುವುದಿಲ್ಲ. ಬಡ್ಡಿ ಏರಿದಾಗ ಕಂತು ಏರಿಸಬೇಕೋ ಅವಧಿ ಎಳೆಯಬೇಕೋ ಎಂಬ ಪ್ರಶ್ನೆಗೆ ಯಾರೋ ಒಬ್ಬರು ಮೊದಲೇ 'ಅವಧಿ' ಎಂದು ಟಿಕ್ ಹಾಕಿಟ್ಟಿರುತ್ತಾರೆ.

ಲೆಕ್ಕ ಹೀಗೆ. ರಿಸರ್ವ್ ಬ್ಯಾಂಕಿನ ರೆಪೊ ದರ 2022ರ ಮೇ ಆರಂಭದಲ್ಲಿ ಶೇ. 4 ಇತ್ತು. ಮೇ 4ರಂದು 0.40 ಏರಿತು. ಆಮೇಲೆ ಮೂರು ಸಲ 0.50, ಡಿಸೆಂಬರಿನಲ್ಲಿ 0.35, 2023ರ ಫೆಬ್ರವರಿಯಲ್ಲಿ 0.25. ಒಟ್ಟು ಎರಡೂವರೆ. ನನ್ನ ಸಾಲ ರೆಪೊಗೆ ಕಟ್ಟಿದ್ದು, ಹಾಗಾಗಿ 6.75 ಇದ್ದದ್ದು 9.25 ಆಯಿತು. ಮೊದಲ ಕಂತಿನಲ್ಲಿ ಬಡ್ಡಿ 28,125 ಹೋಗಿ ಅಸಲಿಗೆ ಸುಮಾರು 9,900 ಜಮೆಯಾಗಿತ್ತು. ಎರಡು ವರ್ಷದ ಮೇಲೆ ಬಾಕಿ 48 ಲಕ್ಷಕ್ಕೆ ಬಂದಿತ್ತು, ಆದರೆ ಅದರ ತಿಂಗಳ ಬಡ್ಡಿಯೇ 37,000. 38,018ರಲ್ಲಿ ಅಸಲಿಗೆ ಹೋಗುವುದು ಸಾವಿರ ರೂಪಾಯಿ. ಹೀಗೆ ಸಾವಿರ ಸಾವಿರವಾಗಿ 48 ಲಕ್ಷ ತೀರಿಸಲು ಹೊರಟರೆ 2062 ಆಗದೆ ಇನ್ನೇನಾಗುತ್ತದೆ? ಬಡ್ಡಿ ಇನ್ನೊಂದು ಕಾಲು ಶೇಕಡಾ ಏರಿದ್ದರೆ ಆ ಸಾವಿರವೂ ಉಳಿಯುತ್ತಿರಲಿಲ್ಲ. ಇನ್ನೂ ಏರಿದ್ದರೆ ಕಂತು ಕಟ್ಟುತ್ತಾ ಕಟ್ಟುತ್ತಾ ಸಾಲ ಬೆಳೆಯುತ್ತಿತ್ತು. 2041ಕ್ಕೇ ಮುಗಿಸಬೇಕೆಂದರೆ ಕಂತು ಸುಮಾರು 45,640 ಆಗಬೇಕು. ತಿಂಗಳಿಗೆ 7,600 ಹೆಚ್ಚು, ಇಲ್ಲವೇ ಬದುಕಿಗೆ 21 ವರ್ಷ ಹೆಚ್ಚು. ಎರಡರಲ್ಲಿ ಒಂದನ್ನು ನನ್ನ ಪರವಾಗಿ ಆರಿಸಲಾಗಿತ್ತು.

ನಮ್ಮ ಕಡೆಯ ಹಳೆಯ ವ್ಯವಹಾರಗಳಲ್ಲಿ ಅವಧಿ ಹೀಗೆ ಸದ್ದಿಲ್ಲದೆ ಹಿಗ್ಗುತ್ತಿರಲಿಲ್ಲ. ಬೆಂಗಳೂರಿನಲ್ಲಿರುವವರಿಗೆ ಭೋಗ್ಯದ ಮನೆ ಗೊತ್ತು. ಮೂರು ವರ್ಷಕ್ಕೆಂದು ಇಷ್ಟು ಲಕ್ಷ ಕೊಟ್ಟು ಬಾಡಿಗೆಯಿಲ್ಲದೆ ಇರುತ್ತೀರಿ, ಬಿಡುವಾಗ ಅಷ್ಟೂ ಹಣ ವಾಪಸು. ಕೇರಳದಲ್ಲೂ ಇದು ಉಂಟು, ಒಟ್ಟಿ ಎನ್ನುತ್ತಾರೆ, ಪಣಯ ಎನ್ನುತ್ತಾರೆ. ಅದರಲ್ಲಿ ಬಡ್ಡಿ ಎಂಬ ಪದವೇ ಬರುವುದಿಲ್ಲ, ಕಾಲವೇ ಒಪ್ಪಂದ. ಅದರ ಅಪಾಯಗಳು ಬೇರೆ ಇವೆ, ವಾಪಸು ಕೊಡಲು ಮಾಲೀಕನ ಬಳಿ ದುಡ್ಡೇ ಇಲ್ಲದ ಕತೆಗಳನ್ನು ಎಲ್ಲರೂ ಕೇಳಿದ್ದೇವೆ. ಆದರೆ ಮುಗಿಯುವ ದಿನ ಯಾವುದು ಎಂದು ಇಬ್ಬರಿಗೂ ಗೊತ್ತಿರುತ್ತದೆ. ಗೃಹಸಾಲದಲ್ಲಿ ನಾವು ಬಡ್ಡಿಯ ಬಗ್ಗೆ ಚೌಕಾಸಿ ಮಾಡಿ, ಕಾಲು ಶೇಕಡಾ ಕಡಿಮೆ ಮಾಡಿಸಿಕೊಂಡು ಹೆಮ್ಮೆಪಡುತ್ತೇವೆ. ಕಾಲದ ಬಗ್ಗೆ ಚೌಕಾಸಿ ಮಾಡುವುದಿಲ್ಲ.

ಆ ತಿಂಗಳೇ ಕೆಲಸದ ಮೇಲೆ ತಿರುವನಂತಪುರಕ್ಕೆ ಹೋಗುವುದಿತ್ತು. ನಾನು ಮೊದಲು ಕೇರಳದ ಈ ದಕ್ಷಿಣಕ್ಕೆ ಬಂದದ್ದೇ ಅಲ್ಲಿಗೆ, ಟೆಕ್ನೋಪಾರ್ಕಿನ ಕೆಲಸಕ್ಕೆ. ಆಗ ಪರಿಚಯವಾದ ಧಾರವಾಡ ಕಡೆಯ ಗೆಳೆಯನೊಬ್ಬ ಉಳ್ಳೂರಿನ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್‌ನಲ್ಲಿ ಅರ್ಥಶಾಸ್ತ್ರದ ಸಂಶೋಧನೆ ಮಾಡುತ್ತಿದ್ದ. ಈಗ ಅದೇ ಊರಿನಲ್ಲಿ ಪಾಠ ಹೇಳುತ್ತಾನೆ. ಸಂಜೆ ಸಿಗುವಾ ಎಂದರೆ ಈಗಲೂ ಅದೇ ಕ್ಯಾಂಪಸ್ಸಿಗೆ ಕರೆಯುತ್ತಾನೆ. ಅರ್ಥಶಾಸ್ತ್ರಜ್ಞ ಕೆ. ಎನ್. ರಾಜ್ 1970ರಲ್ಲಿ ಕಟ್ಟಿದ ಸಂಸ್ಥೆ ಅದು, ಕಟ್ಟಡಗಳು ಲಾರಿ ಬೇಕರ್ ಅವರವು. ಗಾರೆ ಬಳಿಯದ ಇಟ್ಟಿಗೆ ಗೋಡೆ, ಗಾಳಿಗೆ ಇಟ್ಟಿಗೆಯದೇ ಜಾಲಿ, ಮರ ಅಡ್ಡ ಬಂದರೆ ಬಳಸಿಕೊಂಡು ಹೋಗುವ ಗೋಡೆ. ಗೋಡೆಯ ಒಳಗೆ ಪೊಳ್ಳು ಬಿಟ್ಟು ಇಟ್ಟಿಗೆಯನ್ನು ನಿಲ್ಲಿಸಿ ಕಟ್ಟುವ ಬೇಕರ್ ವಿಧಾನದಲ್ಲಿ ಇಟ್ಟಿಗೆ ಸುಮಾರು ಕಾಲು ಭಾಗ ಉಳಿಯುತ್ತದೆ. ಮನೆಗೆ ಎಷ್ಟು ಸಾಲ ಸಿಗುತ್ತದೆ ಎಂದು ಕೇಳುವ ಮೊದಲು ಮನೆಗೆ ಎಷ್ಟು ಖರ್ಚಾಗಬೇಕು ಎಂದು ಕೇಳಿದ ಜನ ಅವರು. ಕಾಕ್ಕನಾಡಿನ ಹನ್ನೆರಡನೇ ಮಹಡಿಯಲ್ಲಿ ಆ ಪ್ರಶ್ನೆಗೆ ಜಾಗವಿರಲಿಲ್ಲ ಎಂದು ಅಲ್ಲಿ ಕೂತಾಗಲೆಲ್ಲ ನೆನಪಾಗುತ್ತದೆ.

ನನ್ನ ಸ್ಟೇಟ್‌ಮೆಂಟ್ ನೋಡಿ ಗೆಳೆಯ ನಕ್ಕ. 'ಬಡ್ಡಿ ಏರ್ತದೋ ಇಳೀತದೋ ಅಂತ ಕೇಳಬ್ಯಾಡ ದೋಸ್ತ. ಏರಿದ್ರ ಯಾರು ಹೊರಬೇಕು, ಅದನ್ನ ಕೇಳು' ಎಂದ. ಆಮೇಲೆ ಒಂದು ಗಂಟೆ ಪಾಠ ಮಾಡಿದ. ನನಗೆ ದಕ್ಕಿದ್ದನ್ನು ಇಲ್ಲಿ ಬರೆಯುತ್ತೇನೆ.

ಇಪ್ಪತ್ತು ವರ್ಷಗಳಲ್ಲಿ ಬಡ್ಡಿ ಬದಲಾಗುವುದು ಖಚಿತ. ಆ ಬದಲಾವಣೆಯ ಭಾರವನ್ನು ಯಾರಾದರೂ ಹೊರಲೇಬೇಕು. ಅಮೆರಿಕದಲ್ಲಿ ಸಾಮಾನ್ಯವಾಗಿ ಸಿಗುವುದು ಮೂವತ್ತು ವರ್ಷ ಬಡ್ಡಿ ಬದಲಾಗದ ಗೃಹಸಾಲ. ಅಲ್ಲಿ ಆ ಭಾರ ಸಾಲಗಾರನ ಮೇಲಿಲ್ಲ, ಸಾಲವನ್ನು ಬಾಂಡುಗಳಾಗಿ ಕೊಳ್ಳುವ ಹೂಡಿಕೆದಾರರ ಮೇಲಿದೆ. ಇದು ಮಾರುಕಟ್ಟೆಯಲ್ಲಿ ತಾನಾಗಿ ಹುಟ್ಟಿದ್ದಲ್ಲ, 1930ರ ದಶಕದ ಮಹಾಕುಸಿತದ ನಂತರ ಅಲ್ಲಿನ ಸರಕಾರ ಸಂಸ್ಥೆಗಳನ್ನು ಕಟ್ಟಿ ಬೆಳೆಸಿದ್ದು. ನಮ್ಮಲ್ಲಿ ಬಹುತೇಕ ಗೃಹಸಾಲ ಬದಲಾಗುವ ಬಡ್ಡಿಯದು, ಭಾರ ಪೂರ್ತಿ ಮನೆಯವರ ಮೇಲೆ.

ಹಾಗಾದರೆ ಬಡ್ಡಿ ಇಳಿದಾಗ ಲಾಭವೂ ಪೂರ್ತಿ ನಮಗೇ ಬರಬೇಕಲ್ಲ? ಬಹಳ ಕಾಲ ಬರಲಿಲ್ಲ. ಬ್ಯಾಂಕು ತನ್ನ ಬಡ್ಡಿಯನ್ನು ಯಾವುದಕ್ಕೆ ಕಟ್ಟಬೇಕು ಎಂಬ ಬಗ್ಗೆ ನಿಯಮಗಳು ಬದಲಾಗುತ್ತಲೇ ಬಂದವು. 2003ರಲ್ಲಿ ಬಿಪಿಎಲ್ಆರ್, 2010ರ ಜುಲೈಯಿಂದ ಬೇಸ್ ರೇಟ್, 2016ರ ಏಪ್ರಿಲಿನಿಂದ ಎಂಸಿಎಲ್ಆರ್. ಮೂರೂ ಬ್ಯಾಂಕಿನೊಳಗೇ ಲೆಕ್ಕ ಹಾಕುವ ದರಗಳು. ರಿಸರ್ವ್ ಬ್ಯಾಂಕು ದರ ಇಳಿಸಿದಾಗ ಹೊಸ ಗಿರಾಕಿಗೆ ಕಡಿಮೆ ಬಡ್ಡಿ ಸಿಗುತ್ತಿತ್ತು, ಹಳೆಯ ಸಾಲಗಾರ ಹಳೆಯ ಬಡ್ಡಿಯಲ್ಲೇ ಉಳಿಯುತ್ತಿದ್ದ. ರಿಸರ್ವ್ ಬ್ಯಾಂಕಿನ ಜನಕ್ ರಾಜ್ ಅಧ್ಯಯನ ತಂಡ 2017ರಲ್ಲಿ ಇದನ್ನು ಬಿಡಿಸಿ ನೋಡಿತು. ಬ್ಯಾಂಕುಗಳು ಈ ದರಗಳನ್ನು ಲೆಕ್ಕ ಹಾಕುವಾಗ ಮನಸ್ಸಿಗೆ ಬಂದಂತೆ ಹೊಂದಾಣಿಕೆ ಮಾಡಿಕೊಳ್ಳುತ್ತಿವೆ, ಆದ್ದರಿಂದ ಹೊರಗಿನ ಮಾನದಂಡಕ್ಕೆ ಕಟ್ಟಬೇಕು ಎಂದಿತು. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳ ಬದಲಾಗುವ ಬಡ್ಡಿಯ ಹೊಸ ಗೃಹಸಾಲಗಳೆಲ್ಲ ರೆಪೊದಂಥ ಹೊರಗಿನ ದರಕ್ಕೆ ಜೋಡಣೆಯಾದವು. ಮೂರು ತಿಂಗಳಿಗೊಮ್ಮೆಯಾದರೂ ಬಡ್ಡಿಯನ್ನು ಹೊಸದಾಗಿ ಹೊಂದಿಸಬೇಕು.

ಇದು ಸಾಲಗಾರರ ಪರವಾದ ಸುಧಾರಣೆಯೇ. 2020ರಲ್ಲಿ ರೆಪೊ ಶೇ. 4ಕ್ಕೆ ಇಳಿದಾಗ ನನ್ನಂಥವರಿಗೆ 6.75ಕ್ಕೆ ಸಾಲ ಸಿಕ್ಕಿದ್ದು ಅದೇ ಕೊಳವೆಯಿಂದ. ಆದರೆ ಅಡ್ಡಿಯಿಲ್ಲದ ಕೊಳವೆಯಲ್ಲಿ ಎರಡೂ ಕಡೆಯಿಂದ ನೀರು ಹರಿಯುತ್ತದೆ. 2022ರಲ್ಲಿ ಬೆಲೆ ಏರಿಕೆಯನ್ನು ತಗ್ಗಿಸಲು ರಿಸರ್ವ್ ಬ್ಯಾಂಕು ದರ ಏರಿಸಿದಾಗ ಅದು ಮೂರು ತಿಂಗಳೊಳಗೆ ನಮ್ಮ ಮನೆ ಬಾಗಿಲಿಗೆ ಬಂತು. ಅರ್ಥಶಾಸ್ತ್ರದವರು ಇದನ್ನು ನೀತಿಯ ಪ್ರಸರಣ ಎನ್ನುತ್ತಾರೆ. ಪ್ರಸರಣ ಚೆನ್ನಾಗಿದೆ ಎಂದು ಬ್ಯಾಂಕಿಂಗ್ ವರದಿಯಲ್ಲಿ ಬರೆದಿದ್ದರೆ, ಯಾರದೋ ಕೊನೆಯ ಕಂತಿನ ತಾರೀಖು ದೂರ ಹೋಗಿದೆ ಎಂದೂ ಅದರ ಅರ್ಥ.

'ಹಂಗಾದ್ರ ಬ್ಯಾಂಕೇ ಯಾಕ ಹೊರಬಾರದು?' ಎಂದು ಅವನ ಭಾಷೆಯಲ್ಲೇ ಕೇಳಿದೆ. ಅದಕ್ಕೆ ಅವನು ಕೊಟ್ಟ ಉದಾಹರಣೆ ಕೇರಳದ್ದೇ. ಪಾಲಾ ಸೆಂಟ್ರಲ್ ಬ್ಯಾಂಕ್ ಒಂದು ಕಾಲಕ್ಕೆ ಕೇರಳದ ದೊಡ್ಡ ಬ್ಯಾಂಕು. 1960ರ ಆಗಸ್ಟ್ 8ರಂದು ರಿಸರ್ವ್ ಬ್ಯಾಂಕಿನ ಅರ್ಜಿಯ ಮೇಲೆ ಕೇರಳ ಹೈಕೋರ್ಟು ಅದನ್ನು ಮುಚ್ಚುವ ಪ್ರಕ್ರಿಯೆ ಆರಂಭಿಸಿತು. ಠೇವಣಿ ಇಟ್ಟ ಸಾವಿರಾರು ಸಾಮಾನ್ಯ ಕುಟುಂಬಗಳು ಬೀದಿಗೆ ಬಂದವು. ಆ ಆಘಾತದ ನಂತರವೇ ದೇಶದಲ್ಲಿ ಠೇವಣಿ ವಿಮೆ ಬಂದದ್ದು, 1962ರ ಜನವರಿ 1ರಿಂದ, ಆಗ ಒಬ್ಬರಿಗೆ 1,500 ರೂಪಾಯಿಯವರೆಗೆ. ಈಗ ಅದು 5 ಲಕ್ಷ. ಪಾಲಾ ಬ್ಯಾಂಕು ಮುಳುಗಿದ್ದು ಗೃಹಸಾಲದಿಂದಲ್ಲ. ಆದರೆ ಬ್ಯಾಂಕಿನ ದುಡ್ಡು ಬ್ಯಾಂಕಿನದಲ್ಲ ಎಂಬುದನ್ನು ಈ ರಾಜ್ಯ ಅಂದು ಕಲಿಯಿತು. ಜನ ಒಂದು ವರ್ಷಕ್ಕೆ, ಮೂರು ವರ್ಷಕ್ಕೆ ಇಟ್ಟ ಠೇವಣಿಯನ್ನು ಬ್ಯಾಂಕು ನನಗೆ ಇಪ್ಪತ್ತು ವರ್ಷಕ್ಕೆ ಕೊಟ್ಟಿದೆ. ನನ್ನ ಬಡ್ಡಿಯನ್ನು 6.75ಕ್ಕೇ ಕಟ್ಟಿಹಾಕಿ, ಠೇವಣಿದಾರರಿಗೆ ಮಾತ್ರ ಏರಿದ ಬಡ್ಡಿ ಕೊಡುತ್ತಾ ಹೋದರೆ ಬ್ಯಾಂಕು ಎಷ್ಟು ದಿನ ನಿಂತೀತು? ಅಮೆರಿಕದಲ್ಲಿ ಹಿಂದೆ ಗೃಹಸಾಲ ಕೊಡುತ್ತಿದ್ದ ಉಳಿತಾಯ ಸಂಸ್ಥೆಗಳು ಹೀಗೆಯೇ ಸಿಕ್ಕಿಬಿದ್ದು, 1980ರ ದಶಕದಲ್ಲಿ ಮತ್ತು ಅದರ ಮುಂದಿನ ಕೆಲವು ವರ್ಷಗಳಲ್ಲಿ ಸಾವಿರಕ್ಕೂ ಹೆಚ್ಚು ಮುಚ್ಚಿಹೋದವು. ಹಾಗಾಗಿ ಬದಲಾಗುವ ಬಡ್ಡಿ ಬರೀ ಬ್ಯಾಂಕಿನ ದುರಾಸೆಯಲ್ಲ. ಅದರ ಇನ್ನೊಂದು ತುದಿಯಲ್ಲಿ ಠೇವಣಿದಾರರಿದ್ದಾರೆ.

ಆ ಠೇವಣಿದಾರರು ಯಾರು ಎಂದು ತಿಂಗಳೊಪ್ಪತ್ತಿನಲ್ಲಿ ನನಗೆ ಕಂಡಿತು.

ಬಿಸುವಿಗೆ ಊರಿಗೆ ಹೋಗಿದ್ದೆವು. ಎರ್ನಾಕುಳಂನಿಂದ ಪರಶುರಾಮ ಎಕ್ಸ್‌ಪ್ರೆಸ್ಸಿನಲ್ಲಿ ಕಾಸರಗೋಡು, ಅಲ್ಲಿಂದ ಬಸ್ಸು. ಅಪ್ಪ ಅನುದಾನಿತ ಕನ್ನಡ ಶಾಲೆಯಲ್ಲಿ ಮೂವತ್ತೆರಡು ವರ್ಷ ಗಣಿತ ಕಲಿಸಿದವರು. ಮನೆ ಕಟ್ಟಿಸಿದ್ದು ನಿವೃತ್ತಿಯ ದುಡ್ಡಿನಲ್ಲಿ, ಸಾಲವಿಲ್ಲದೆ. ಅಲ್ಲಿ ಉಳಿದದ್ದು ಮತ್ತು ಆಮೇಲೆ ಕೂಡಿದ್ದು ಸೇರಿ 15 ಲಕ್ಷ ಬ್ಯಾಂಕಿನಲ್ಲಿ ಠೇವಣಿ ಇದೆ. ಊಟವಾದ ಮೇಲೆ ಅಪ್ಪ ಖುಷಿಯಿಂದ ರಶೀದಿ ತಂದು ತೋರಿಸಿದರು. 2021ರಲ್ಲಿ ಹಿರಿಯ ನಾಗರಿಕರಿಗೆಂದು ಸಿಕ್ಕಿದ್ದು ಶೇ. 5.5, ಈಗ ಹೊಸದಾಗಿ ಇಟ್ಟದ್ದಕ್ಕೆ ಶೇ. 7.5. ತಿಂಗಳಿಗೆ 6,875 ಬರುತ್ತಿದ್ದದ್ದು ಈಗ 9,375. ಅಮ್ಮನ ಔಷಧಿ ಖರ್ಚು ಅದರಲ್ಲೇ ಹೋಗುತ್ತದೆ ಎಂದರು.

ನನ್ನ ಕೊನೆಯ ಕಂತನ್ನು 2062ಕ್ಕೆ ತಳ್ಳಿದ ಅದೇ ರೆಪೊ ದರ ಅಪ್ಪನ ಕೈಗೆ ತಿಂಗಳಿಗೆ 2,500 ಹೆಚ್ಚು ಕೊಟ್ಟಿತ್ತು. ಒಂದೇ ಮನೆಯ ಚಾವಡಿಯಲ್ಲಿ ಬ್ಯಾಂಕಿನ ಎರಡೂ ಕೌಂಟರ್‌ಗಳು ಎದುರುಬದುರು ಕೂತಿದ್ದವು. ನಾನು ಸ್ಟೇಟ್‌ಮೆಂಟ್ ವಿಷಯ ಹೇಳಬಾರದೆಂದೇ ಇದ್ದೆ. ಹೆಂಡತಿ ಹೇಳಿಬಿಟ್ಟಳು.

ಅಪ್ಪ ಕಾಗದ ಪೆನ್ನು ತೆಗೆದುಕೊಂಡರು. ಐದು ನಿಮಿಷ ಲೆಕ್ಕ ಮಾಡಿ ಹೇಳಿದರು: 'ನೀನು ಒಂಬತ್ತೂಕಾಲು ಕಟ್ತಾ ಇದ್ದೀ. ನನಗೆ ಏಳೂವರೆ ಬರ್ತಾ ಉಂಟು. ನಡುವಿನ ಒಂದೂಮುಕ್ಕಾಲು ಯಾರಿಗೆ?'

'ಬ್ಯಾಂಕಿಗೆ ಅಪ್ಪ.'

'ಹಾಗಾದ್ರೆ ನಾನು ಹತ್ತು ಲಕ್ಷ ತೆಗೆದು ನಿನಗೆ ಕೊಡ್ತೇನೆ. ನೀನು ಸಾಲಕ್ಕೆ ಕಟ್ಟು. ನನಗೆ ಬ್ಯಾಂಕು ಕೊಡುವ ಬಡ್ಡಿ ನೀನೇ ತಿಂಗಳು ತಿಂಗಳು ಹಾಕು. ಆ ಒಂದೂಮುಕ್ಕಾಲು ಮನೆಯಲ್ಲೇ ಉಳೀತದಲ್ಲ?'

ಗಣಿತ ಸರಿಯಿತ್ತು. ಬದಲಾಗುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕಬಾರದೆಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ 2012ರಲ್ಲೇ ಹೇಳಿದೆ. 48 ಲಕ್ಷದಲ್ಲಿ 10 ಲಕ್ಷ ಕಟ್ಟಿದರೆ, ಕಂತು ಅದೇ 38,018 ಇದ್ದರೂ ಸಾಲ ಹದಿನಾರು ವರ್ಷಕ್ಕೆ, ಅಂದರೆ 2039ಕ್ಕೆ ಮುಗಿಯುತ್ತದೆ. 2062 ಎಲ್ಲಿ, 2039 ಎಲ್ಲಿ! ಅಪ್ಪನಿಗೆ ತಿಂಗಳಿಗೆ 6,250 ಕಳಿಸಿದರೆ ಅವರಿಗೂ ನಷ್ಟವಿಲ್ಲ. ಎದುರಿಗೆ ಕೂತವರು ಎಪ್ಪತ್ತೇಳರ ಹಿರಿಯರು, ಮಗನ ಭಾರ ಇಳಿಸಲು ದಾರಿ ಸಿಕ್ಕಿತೆಂದು ಮುಖ ಅರಳಿತ್ತು. ಬೇಡ ಎನ್ನುವುದು ಸುಲಭವಿರಲಿಲ್ಲ.

ಆ ರಾತ್ರಿ ನಿದ್ದೆ ಬಾರದೆ ಯೋಚಿಸಿದ್ದು ಅಪ್ಪನ ಪ್ರಶ್ನೆಯನ್ನೇ. ನಡುವಿನ ಒಂದೂಮುಕ್ಕಾಲು ಯಾರಿಗೆ, ಯಾತಕ್ಕೆ? ಬ್ಯಾಂಕಿನ ಬಾಡಿಗೆ, ಸಂಬಳ, ಲಾಭ ಎಲ್ಲ ಅದರಲ್ಲಿದೆ, ನಿಜ. ಆದರೆ ಅದರಲ್ಲಿ ಇನ್ನೊಂದು ವಸ್ತುವಿನ ಬೆಲೆಯೂ ಇದೆ. ನಾಳೆ ಬೆಳಿಗ್ಗೆ ಅಪ್ಪನಿಗೋ ಅಮ್ಮನಿಗೋ ಎದೆನೋವು ಬಂದು ಮಂಗಳೂರಿನ ಆಸ್ಪತ್ರೆಗೆ ಸೇರಿಸಬೇಕಾದರೆ, ಅದೇ ದಿನ ಬ್ಯಾಂಕು ಆ ಹತ್ತು ಲಕ್ಷ ವಾಪಸು ಕೊಡುತ್ತದೆ. ಬಡ್ಡಿ ಸ್ವಲ್ಪ ಕಡಿಮೆ ಕೊಡಬಹುದು, ಕೊಡುವುದಿಲ್ಲ ಎನ್ನಲಾರದು. ನಾನು ಕೊಡಬಲ್ಲೆನೇ? ನನ್ನ ಹತ್ತು ಲಕ್ಷ ಕಾಕ್ಕನಾಡಿನ ಗೋಡೆಯೊಳಗೆ ಸೇರಿಹೋಗಿರುತ್ತದೆ. ಗೋಡೆಯ ಒಂದು ಮೂಲೆಯನ್ನು ಮಾರಿ ಆಸ್ಪತ್ರೆಯ ಬಿಲ್ಲು ಕಟ್ಟಲಾಗುವುದಿಲ್ಲ.

ಗೆಳೆಯ ಹೇಳಿದ್ದ ಒಂದು ಅಂಕಿ ಆಗ ನೆನಪಾಯಿತು. ಭಾರತದ ಕುಟುಂಬಗಳ ಹಣಕಾಸಿನ ಬಗ್ಗೆ ತರುಣ್ ರಾಮದೊರೈ ಅಧ್ಯಕ್ಷತೆಯ ರಿಸರ್ವ್ ಬ್ಯಾಂಕ್ ಸಮಿತಿ 2017ರಲ್ಲಿ ಕೊಟ್ಟ ವರದಿಯ ಪ್ರಕಾರ, ಸರಾಸರಿ ಕುಟುಂಬದ ಸಂಪತ್ತಿನಲ್ಲಿ ಶೇ. 84 ಮನೆ, ಜಮೀನು ಮುಂತಾದ ಕಣ್ಣಿಗೆ ಕಾಣುವ ಆಸ್ತಿ, ಶೇ. 11 ಚಿನ್ನ. ಬ್ಯಾಂಕಿನ ಠೇವಣಿ, ವಿಮೆ, ಷೇರು ಎಲ್ಲ ಸೇರಿ ಶೇ. 5. ಅಪ್ಪನ ಎಫ್‌ಡಿ ಆ ಐದಕ್ಕೆ ಸೇರಿದ್ದು. ಅದನ್ನೂ ತೆಗೆದು ಎಂಬತ್ತನಾಲ್ಕಕ್ಕೆ ಸೇರಿಸಲು ಅಪ್ಪ ಹೊರಟಿದ್ದರು.

ಇನ್ನೊಂದು ವಿಷಯವೂ ಇತ್ತು, ಅದನ್ನು ಅಪ್ಪನಿಗೆ ಹೇಳಲಾಗದು. ಜಾನ್ ಕ್ಯಾಂಪ್‌ಬೆಲ್ ಮತ್ತು ಜುವಾವೋ ಕೊಕ್ಕೊ ಎಂಬ ಅರ್ಥಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಒಂದು ಪ್ರಬಂಧವನ್ನು ಗೆಳೆಯ ಕಳಿಸಿದ್ದ. ಬದಲಾಗುವ ಬಡ್ಡಿಯ ಸಾಲ ಯಾರಿಗೆ ಹೊಂದುತ್ತದೆ ಎಂಬುದು ಅದರ ಪ್ರಶ್ನೆ. ಸ್ಥಿರ ಆದಾಯವಿದ್ದು, ಆದಾಯಕ್ಕೆ ಹೋಲಿಸಿದರೆ ಮನೆ ಚಿಕ್ಕದಿದ್ದು, ಆ ಊರನ್ನು ಬೇಗ ಬಿಡುವ ಸಾಧ್ಯತೆ ಇರುವವರಿಗೆ ಹೊಂದುತ್ತದೆ ಎಂಬುದು ಉತ್ತರ. ದೊಡ್ಡ ಸಾಲ ಮಾಡಿ, ಆದಾಯದ ಭರವಸೆ ಇಲ್ಲದವರಿಗೆ ಅದು ಅಪಾಯ. ಇದನ್ನು ಓದುವಾಗ ನನಗೆ ನಮ್ಮಂಥ ವಲಸೆ ಬಂದ ಕೆಲಸಗಾರರೇ ಕಣ್ಣಮುಂದೆ ಬಂದರು. ಊರು ಬಿಡುವ ಸಾಧ್ಯತೆ ನಮಗೆ ಬೇಕಾದಷ್ಟಿದೆ, ಇವತ್ತು ಕೊಚ್ಚಿ, ನಾಳೆ ಪುಣೆ. ಆ ಅಳತೆಯಲ್ಲಿ ನಾವು ಪಾಸು. ಆದಾಯದ ಅಳತೆಯಲ್ಲಿ? 2023ರ ಆ ತಿಂಗಳುಗಳಲ್ಲಿ ಐಟಿಯಲ್ಲಿ ಕೆಲಸ ಕಳಕೊಂಡವರ ಸುದ್ದಿ ವಾರವಾರ ಬರುತ್ತಿತ್ತು. ನಲವತ್ತು ದಾಟಿದ ಮ್ಯಾನೇಜರ್‌ಗಳನ್ನೇ ಮೊದಲು ನೋಡುತ್ತಾರೆಂದು ನಮಗೆಲ್ಲ ಗೊತ್ತು. ನಾನು ಅಪ್ಪನಿಗೆ ತಿಂಗಳಿಗೆ 6,250 ಕಳಿಸುತ್ತೇನೆಂದು ಮಾತು ಕೊಟ್ಟು, ಒಂದು ಶುಕ್ರವಾರ ಕೆಲಸ ಹೋದರೆ, ಎರಡು ಮನೆಗಳು ಒಂದೇ ಸಲ ಅಲ್ಲಾಡುತ್ತವೆ. ಬ್ಯಾಂಕಿನ ಠೇವಣಿ ಬ್ಯಾಂಕಿನಲ್ಲೇ ಇದ್ದರೆ ಒಂದು ಮನೆಯಾದರೂ ನಿಲ್ಲುತ್ತದೆ.

ಬೆಳಿಗ್ಗೆ ಕಾಫಿ ಕುಡಿಯುವಾಗ ಹೇಳಿದೆ. 'ಅಪ್ಪ, ಆ ಒಂದೂಮುಕ್ಕಾಲು ಬ್ಯಾಂಕಿಗೇ ಇರಲಿ. ನೀವು ಕೇಳಿದ ದಿನ ಅವರು ದುಡ್ಡು ಕೊಡ್ತಾರೆ, ಅದಕ್ಕೆ.'

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. 'ನೀನು ಕೊಡುದಿಲ್ವಾ?' ಎಂದರು.

'ಕೊಡ್ತೇನೆ. ಅದೇ ದಿನ ಕೊಡ್ಲಿಕ್ಕಾಗ್ತದಾ ಗೊತ್ತಿಲ್ಲ.'

ಮೇಷ್ಟ್ರು ತಲೆಯಾಡಿಸಿದರು. ಬೇಸರವಾಯಿತೋ ಸಮಾಧಾನವಾಯಿತೋ ಹೇಳಲಾರೆ. ರಶೀದಿಯನ್ನು ಮಡಚಿ ಮತ್ತೆ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟರು. ಬಸ್ಸಿಗೆ ಹೊರಡುವಾಗ ಮಾತ್ರ ಒಂದು ಮಾತು ಹೇಳಿದರು: 'ಹಾಗಾದ್ರೆ ಒಂದೇ ಬ್ಯಾಂಕಿನಲ್ಲಿ ಹದಿನೈದೂ ಇಡುದು ಬೇಡ ಅಲ್ವಾ? ಇನ್ಶೂರೆನ್ಸ್ ಐದಕ್ಕೇ ಅಲ್ವಾ ಇರುದು?' ಆಮೇಲೆ ಅವಧಿ ಮುಗಿದಂತೆ ಠೇವಣಿಯನ್ನು ಮೂರು ಬ್ಯಾಂಕುಗಳಲ್ಲಿ ಹಂಚಿ ಇಟ್ಟರು. ಪಾಲಾ ಬ್ಯಾಂಕು ಬಿದ್ದಾಗ ಅಪ್ಪ ಹೈಸ್ಕೂಲಿನಲ್ಲಿದ್ದ ಹುಡುಗ. ಆ ಸುದ್ದಿ ನೆನಪಿದೆಯೇ ಎಂದು ನಾನು ಕೇಳಲಿಲ್ಲ.

ಕೊಚ್ಚಿಗೆ ಬಂದು ಹೆಂಡತಿಯೂ ನಾನೂ ತಿಂಗಳ ಖರ್ಚಿನ ಪಟ್ಟಿ ಹಿಡಿದು ಕೂತೆವು. 'ತಾರೀಖು ಹಿಂದೆ ತನ್ನಿ, ಉಳಿದದ್ದು ನಾನು ನೋಡ್ತೇನೆ' ಎಂದಳು. ಕಾರು ಬದಲಿಸುವುದನ್ನು ಕೈಬಿಟ್ಟೆವು. ಬ್ರಾಂಚಿಗೆ ಅರ್ಜಿ ಬರೆದು ಕಂತನ್ನು 45,640ಕ್ಕೆ ಏರಿಸಿದೆವು. ಹೆಚ್ಚು ಕಂತು ಕಟ್ಟುತ್ತೇನೆಂದು ತಾನಾಗಿ ಬರುವವರು ಕಡಿಮೆಯೋ ಏನೋ, ಅರ್ಜಿಯ ನಮೂನೆ ಹುಡುಕಲು ಅವರಿಗೆ ಎರಡು ದಿನ ಬೇಕಾಯಿತು. ಮುಂದಿನ ಸ್ಟೇಟ್‌ಮೆಂಟಿನಲ್ಲಿ ತಾರೀಖು 2041ಕ್ಕೆ ಮರಳಿತ್ತು.

ನಾಲ್ಕು ತಿಂಗಳ ನಂತರ, 2023ರ ಆಗಸ್ಟ್ 18ರಂದು, ರಿಸರ್ವ್ ಬ್ಯಾಂಕು ಈ ವಿಷಯದಲ್ಲೇ ಒಂದು ಸುತ್ತೋಲೆ ಹೊರಡಿಸಿತು. ದೇಶದ ಉದ್ದಗಲಕ್ಕೂ ಎಷ್ಟೊಂದು ಮನೆಗಳಲ್ಲಿ ಕೊನೆಯ ತಾರೀಖು ಹೀಗೆ ಜಾರಿತ್ತೆಂದು ಅದರಿಂದಲೇ ಊಹಿಸಬಹುದು. ಬಡ್ಡಿ ಬದಲಾದರೆ ಕಂತಿನ ಮೇಲೆ, ಅವಧಿಯ ಮೇಲೆ ಏನು ಪರಿಣಾಮ ಎಂದು ಸಾಲ ಕೊಡುವಾಗಲೇ ತಿಳಿಸಬೇಕು. ಬಡ್ಡಿ ಹೊಂದಿಸುವಾಗ ಕಂತು ಏರಿಸುವುದೋ, ಅವಧಿ ಹೆಚ್ಚಿಸುವುದೋ, ಎರಡೂ ಸ್ವಲ್ಪ ಸ್ವಲ್ಪವೋ ಎಂಬ ಆಯ್ಕೆ ಸಾಲಗಾರನಿಗೆ ಬಿಟ್ಟದ್ದು. ಸ್ಥಿರ ಬಡ್ಡಿಗೆ ಬದಲಾಗುವ ದಾರಿಯೂ ಇರಬೇಕೆಂದು ಆಗ ಹೇಳಿತ್ತು. ಕಂತು ಕಟ್ಟುತ್ತಿದ್ದರೂ ಸಾಲ ಬೆಳೆಯುವಂತೆ ಅವಧಿಯನ್ನು ಎಳೆಯಬಾರದು. ಈವರೆಗೆ ಅಸಲಿಗೆ ಎಷ್ಟು ಹೋಯಿತು, ಬಡ್ಡಿಗೆ ಎಷ್ಟು ಹೋಯಿತು, ಇನ್ನೆಷ್ಟು ಕಂತು ಬಾಕಿ ಎಂಬ ವಿವರವನ್ನು ಮೂರು ತಿಂಗಳಿಗೊಮ್ಮೆ ಕೊಡಬೇಕು. ಹಳೆಯ ಸಾಲಗಳಿಗೂ ಇದೆಲ್ಲ 2023ರ ಡಿಸೆಂಬರ್ 31ರೊಳಗೆ ಅನ್ವಯವಾಗಬೇಕಿತ್ತು. ಅದೇ ಸೆಪ್ಟೆಂಬರಿನಲ್ಲಿ ಬಂದ ಇನ್ನೊಂದು ಆದೇಶದ ಪ್ರಕಾರ, ಸಾಲ ತೀರಿದ 30 ದಿನಗಳೊಳಗೆ ಆಸ್ತಿಪತ್ರ ವಾಪಸು ಕೊಡದಿದ್ದರೆ, ತಡವಾದದ್ದು ಬ್ಯಾಂಕಿನಿಂದಾದರೆ, ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು.

ಭಾರ ಈಗಲೂ ನಮ್ಮ ಮೇಲೆಯೇ ಇದೆ, ಸುತ್ತೋಲೆ ಅದನ್ನು ಇಳಿಸಿಲ್ಲ. ಹೊರುವವನಿಗೆ ಹೇಳಿ ಹೊರಿಸಿ ಎಂದಿದೆ, ಅಷ್ಟೆ. ಅಷ್ಟಾದರೂ ಅದು ದೊಡ್ಡದು. ಆದರೆ ಆಯ್ಕೆ ನಿಮ್ಮದೆಂದು ಬರೆದ ಸಂದೇಶ ಬ್ಯಾಂಕಿನ ನೂರು ಜಾಹೀರಾತು ಸಂದೇಶಗಳ ನಡುವೆ ಬರುತ್ತದೆ. ಉತ್ತರಿಸದಿದ್ದರೆ ಈಗಲೂ ಹಳೆಯ ಟಿಕ್ ಮಾರ್ಕೇ ಕೆಲಸ ಮಾಡಬಹುದು. ಊರು ಬಿಟ್ಟು ಬಂದು ಸಾಲದ ಮನೆಯಲ್ಲಿ ಇರುವ ಗೆಳೆಯರಿಗೆ, ಬರುವ ವರ್ಷ ಮನೆ ಕೊಳ್ಳಬೇಕೆಂದಿರುವ ಕಿರಿಯರಿಗೆ ನಾನು ಹೇಳುವುದು ಇಷ್ಟೇ. ಸ್ಟೇಟ್‌ಮೆಂಟ್ ತೆರೆದಾಗ ಬಡ್ಡಿಯ ದರ ನೋಡಿ, ಕಂತು ನೋಡಿ, ಆಮೇಲೆ ಬಾಕಿ ಕಂತುಗಳ ಸಂಖ್ಯೆಯನ್ನು ಹನ್ನೆರಡರಿಂದ ಭಾಗಿಸಿ ನಿಮ್ಮ ವಯಸ್ಸಿಗೆ ಕೂಡಿಸಿ. ಬಂದ ಉತ್ತರ ನಿಮಗೆ ಒಪ್ಪಿಗೆಯಿಲ್ಲದಿದ್ದರೆ ಬ್ರಾಂಚಿಗೆ ಹೋಗಿ.

2025ರ ಫೆಬ್ರವರಿಯಿಂದ ಜೂನ್‌ವರೆಗೆ ರೆಪೊ ದರ ಮೂರು ಸಲ ಇಳಿದು 5.50 ಆಯಿತು. ನನ್ನ ಬಡ್ಡಿ 8.25ಕ್ಕೆ ಬಂತು. ಕಂತು ಕಡಿಮೆ ಮಾಡಬೇಕೇ ಎಂದು ಈ ಸಲ ಬ್ಯಾಂಕಿನಿಂದಲೇ ಸಂದೇಶ ಬಂತು. ಬೇಡ, ಹಾಗೆಯೇ ಇರಲಿ ಎಂದು ಉತ್ತರ ಕಳಿಸಿದೆ. ಕೊನೆಯ ಕಂತು ಈಗ 2039ರಲ್ಲಿ ಬರುತ್ತದೆ. ಅಪ್ಪನ ಒಂದು ಠೇವಣಿಯ ಅವಧಿ ಜುಲೈಯಲ್ಲಿ ಮುಗಿಯಿತು, ಹೊಸ ಬಡ್ಡಿ ಕಡಿಮೆ. ಫೋನಿನಲ್ಲಿ ಹೇಳಿಕೊಂಡರು. ಆ ವ್ಯತ್ಯಾಸದಷ್ಟು ದುಡ್ಡನ್ನು ಆ ತಿಂಗಳಿನಿಂದ ಅಮ್ಮನ ಖಾತೆಗೆ ಹಾಕುತ್ತಿದ್ದೇನೆ. ಯಾವ ಬ್ಯಾಂಕಿನದೆಂದು ಅಪ್ಪ ಇನ್ನೂ ಕೇಳಿಲ್ಲ.